ಸಳನ ಕೈಯ ಸುರಗಿ, ಮಾವನ ಕೈಯ ಹಿಡಿ

ಪ್ರಶ್ನೆ: ಮೇಷ್ಟ್ರೇ, ನನ್ನ ಸೋದರಮಾವ ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ಮೂವತ್ತೆಂಟು ವರ್ಷ ರೈಟರ್ (ಲೆಕ್ಕ, ಉಸ್ತುವಾರಿ ನೋಡುವವರು) ಆಗಿದ್ದವರು. ಬರುವ ಆಯುಧಪೂಜೆಯ ಹೊತ್ತಿಗೆ ಕೆಲಸ ಬಿಡುತ್ತಾರೆ. ನನಗೆ ಕಾಫಿ ಕಸಿ (ಗಿಡದ ಬೇಡದ ರೆಂಬೆ ಸವರುವುದು) ಕಲಿಸಿದವರೂ ಅವರೇ, ಭಾನುವಾರ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ವೀರಗಲ್ಲು ತೋರಿಸಿದವರೂ ಅವರೇ. ಅವರಿಗೆ ಹೊಯ್ಸಳರ ಕಾಲದ ಶೈಲಿಯ ಸುರಗಿಯೊಂದನ್ನು ಮಾಡಿಸಿ ಕೊಡುವ ಆಸೆ. ಹದಿನಾಲ್ಕು ಇಂಚಿನ ಅಲಗು, ಅದರ ಮೇಲೆ ಸಳ ಹುಲಿಯನ್ನು ಕೊಲ್ಲುವ ಚಿತ್ರ, ಕಡವೆ ಕೊಂಬಿನ ಹಿಡಿ. ನಕ್ಷೆ ಕಳಿಸಿದ್ದೇನೆ. ತೋಟದ ಹಳೆಯ ಜೀಪಿನ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಸಿಕ್ಕಿದೆ, ಕುಲುಮೆಯವರೂ ಒಪ್ಪಿದ್ದಾರೆ. ಕತ್ತಿ ಉಡುಗೊರೆ ಕೊಟ್ಟರೆ ಸಂಬಂಧ ಕಡಿಯುತ್ತದೆ ಎಂದು ಅಮ್ಮ ಮಾತ್ರ ಒಪ್ಪುತ್ತಿಲ್ಲ. ನಿಮ್ಮ ಸಲಹೆ ಬೇಕು.
– ಓದುಗ, ಚಿಕ್ಕಮಗಳೂರು

ಉತ್ತರ: ನಕ್ಷೆ ತಲುಪಿತು. ಮೇಜಿನ ಮೇಲೆ ಬಿಡಿಸಿಟ್ಟಿದ್ದೆ. ನಮ್ಮ ಮನೆಯವರು ಕಾಫಿ ತಂದವರು ಅದನ್ನು ನೋಡಿ, “ಯಕ್ಷಗಾನ ಮೇಳದವರು ಕೇಳಿದ್ದಾರಾ?” ಎಂದರು. ನನ್ನ ಅಭಿಪ್ರಾಯವೂ ಸುಮಾರಾಗಿ ಅದೇ.

ಮೊದಲು ಕೊಂಬನ್ನು ಕೈಬಿಡಿ. 1972ರ ವನ್ಯಜೀವಿ ಕಾಯ್ದೆಯ ಮುಂದೆ ‘ಕಾಡಿನಲ್ಲಿ ಬಿದ್ದು ಸಿಕ್ಕಿದ್ದು’, ‘ಅಜ್ಜನ ಕಾಲದ್ದು’ ಎಂಬ ಸಬೂಬು ನಡೆಯುವುದಿಲ್ಲ. 2023ರಲ್ಲಿ ಹುಲಿಯುಗುರಿನ ಪದಕ ಹಾಕಿಕೊಂಡವರ ಪಾಡು ನೋಡಿದ್ದೀರಿ. ನಿವೃತ್ತಿಯ ವರ್ಷ ಮಾವನನ್ನು ಅರಣ್ಯ ಇಲಾಖೆಯ ಬಾಗಿಲಿಗೆ ಅಲೆಸಬೇಡಿ.

ಆಮೇಲೆ ಉದ್ದ. ಅಲಗು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲವಿದ್ದು, ಮನೆಬಳಕೆಗೋ ಬೇಸಾಯಕ್ಕೋ ಅಲ್ಲದ ಕತ್ತಿಯನ್ನು ಶಸ್ತ್ರಾಸ್ತ್ರ ನಿಯಮಗಳು ಆಯುಧಗಳ ಪಟ್ಟಿಗೆ ಸೇರಿಸುತ್ತವೆ. ಆದರೆ ನಾನು ಉದ್ದ ಕಡಿಮೆ ಮಾಡಿ ಎನ್ನುವುದು ಕಾನೂನಿಗೆ ಹೆದರಿ ಅಲ್ಲ. ನಿಮ್ಮ ಮಾವ ವೀರಗಲ್ಲು ನೋಡಿ ಪಳಗಿದವರು. ಹದಿನಾಲ್ಕು ಇಂಚಿನ ಸುರಗಿಯನ್ನು ಕೈಗೆತ್ತಿಕೊಂಡ ತಕ್ಷಣ ಅವರಿಗೆ ಅಳತೆ ತಪ್ಪಿದ್ದು ಗೊತ್ತಾಗುತ್ತದೆ. ನಿಮ್ಮ ಮುಖ ನೋಡಿ ಏನೂ ಹೇಳುವುದಿಲ್ಲ, ಅಷ್ಟೆ.

ಅಳತೆ ಸಿಗುವುದು ಕಲ್ಲಿನಲ್ಲೇ. ಹಳೇಬೀಡಿಗೋ ಬೇಲೂರಿಗೋ ಹೋಗಿ ಸುರಗಿ ಹಿಡಿದ ಆಕೃತಿಯ ಎದುರು ನೇರವಾಗಿ ನಿಂತು ಫೋಟೊ ತೆಗೆಯಿರಿ. ಓರೆಯಾಗಿ ತೆಗೆದರೆ ಲೆಕ್ಕ ಕೆಡುತ್ತದೆ. ಆಕೃತಿಯ ಮುಷ್ಟಿಯ ಅಗಲ ಒಂದು ಎಂದಿಟ್ಟುಕೊಂಡು, ಅಲಗು ಎಷ್ಟು ಮುಷ್ಟಿ, ಬುಡದಲ್ಲಿ ಅಗಲ ಎಷ್ಟು, ಹಿಡಿಯ ತುದಿಯ ಗುಬುಟು ಎಷ್ಟು ಎಂದು ಕಾಗದದ ಪಟ್ಟಿಯಿಂದ ಅಳೆಯಿರಿ. ನಾನೊಮ್ಮೆ ಅಳೆದಾಗ ಅಲಗು ಎರಡು ಮುಷ್ಟಿ ಬಂದಿತ್ತು. ಬೆರಳು ಮಡಚಿದ ನಮ್ಮ ಮುಷ್ಟಿ ಮೂರೂಕಾಲು ಇಂಚು, ಅಲ್ಲಿಗೆ ಅಲಗು ಆರೂವರೆ ಇಂಚು. ದಪ್ಪವನ್ನು ಮಾತ್ರ ಕಲ್ಲಿನಿಂದ ತೆಗೆದುಕೊಳ್ಳಬೇಡಿ. ಬಳಪದ ಕಲ್ಲಿನಲ್ಲಿ ತೆಳುವಾದ ಅಲಗು ಕಡೆದರೆ ಮುರಿದು ಬೀಳುತ್ತದೆ, ಆದ್ದರಿಂದ ಶಿಲ್ಪಿ ದಪ್ಪ ಬಿಟ್ಟಿರುತ್ತಾನೆ. ಕಬ್ಬಿಣಕ್ಕೆ ಆ ಭಯವಿಲ್ಲ. ಬೆನ್ನಿನಲ್ಲಿ ನಾಲ್ಕು ಮಿಲಿಮೀಟರ್ ಸಾಕು, ತುದಿಯ ಕಡೆಗೆ ಇಳಿಯುತ್ತಾ ಹೋಗಲಿ.

ಹಳೇಬೀಡಿಗೆ ಹೋದಾಗ ಹೊಯ್ಸಳೇಶ್ವರ ದೇವಸ್ಥಾನದ ಮಗ್ಗುಲಿನ ಗರುಡಗಂಬವನ್ನೂ ನೋಡಿ, ಆದರೆ ಅದರ ಸುರಗಿಯನ್ನು ನಕಲು ಮಾಡಬೇಡಿ. 1220ರ ಸುಮಾರಿಗೆ ಎರಡನೆಯ ವೀರಬಲ್ಲಾಳ ತೀರಿಕೊಂಡಾಗ ಅವನ ಗರುಡನಾಗಿದ್ದ, ಎಂದರೆ ಒಡೆಯನೊಡನೆ ಸಾಯುವ ಆಣೆ ಹೊತ್ತ ಅಂಗರಕ್ಷಕನಾಗಿದ್ದ ಕುವರ ಲಕ್ಷ್ಮ ಹೆಂಡತಿಯೊಡನೆ, ಸಂಗಡಿಗರೊಡನೆ ಪ್ರಾಣ ಕೊಟ್ಟ ನೆನಪಿನ ಕಂಬ ಅದು. ತಮ್ಮ ಕೊರಳನ್ನು ತಾವೇ ಕುಯ್ದುಕೊಳ್ಳುತ್ತಿರುವ ವೀರರು ಅದರಲ್ಲಿದ್ದಾರೆ. ಒಡೆಯ ಹೋದ ಮೇಲೆ ತಾನೂ ಉಳಿಯಬಾರದು ಎಂದು ಹಿಡಿದ ಕತ್ತಿಯ ರೂಪವನ್ನು ತೋಟದ ಕೆಲಸ ಬಿಟ್ಟು ಮನೆಗೆ ಬರುವ ಮನುಷ್ಯನಿಗೆ ಕೊಡುವುದು ಸರಿಯಲ್ಲ. ಬೇರೆಯವರಿಗೆ ಹೊಳೆಯದಿದ್ದರೂ ನಿಮ್ಮ ಮಾವನಿಗೆ ಹೊಳೆಯುತ್ತದೆ.

ಸಳನ ಚಿತ್ರದ ಬಗ್ಗೆ ಕಠಿಣವಾಗಿ ಹೇಳಬೇಕಾಗಿದೆ. ಸಳನ ಕಥೆ ನಡೆದದ್ದು ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರಿನಲ್ಲೇ ಎನ್ನುತ್ತಾರೆ, ಆ ಹೆಮ್ಮೆ ಅರ್ಥವಾಗುತ್ತದೆ. ಆದರೆ ಆ ಲಾಂಛನ ಈಗ ಲಾಡ್ಜಿನ ಬೋರ್ಡಿನ ಮೇಲೂ ಬಸ್ಸಿನ ಹಿಂದಿನ ಗಾಜಿನ ಮೇಲೂ ಇದೆ. (ಕಥೆಯಲ್ಲಿ ಹುಲಿ, ಕಲ್ಲಿನಲ್ಲಿ ಕೇಸರದ ಸಿಂಹ. ನೀವು ಬರೆದಿರುವುದು ಎರಡೂ ಅಲ್ಲ, ಕ್ಷಮಿಸಿ.) ಅಲಗಿನ ಮೇಲೆ ಅದನ್ನು ಕೊರೆಸಿದರೆ ಆ ಗೀರುಗಳಲ್ಲಿ ಮಲೆನಾಡಿನ ಮೊದಲ ಮಳೆಗಾಲಕ್ಕೇ ತುಕ್ಕು ಕೂರುತ್ತದೆ. ಹಳೆಯ ಕಾಲದ ಗುಣ ಆಕಾರದಲ್ಲಿರಲಿ. ಬುಡದಲ್ಲಿ ಅಗಲವಾಗಿ, ನಡುವೆ ತುಸು ಸೊರಗಿ, ಮತ್ತೆ ಎಲೆಯಂತೆ ತುಂಬಿಕೊಂಡು ಮೊನೆಯಾಗುವ ಅಲಗು ಸಾಕು. ಹರಿತದ ಬಾಯಿ ಒಂದೇ ಕಡೆ ಇರಲಿ, ಎರಡು ಕಡೆ ಬೇಡ. ಆಗ ಮಾವ ಅದರಲ್ಲಿ ಕಿತ್ತಳೆಯನ್ನಾದರೂ ಹೆಚ್ಚುತ್ತಾರೆ.

ಜೀಪಿನ ಪಟ್ಟಿ ಒಳ್ಳೆಯ ಉಕ್ಕು, ಮಾವ ಅದೇ ಜೀಪಿನಲ್ಲಿ ಓಡಾಡಿದ್ದರೆ ಇನ್ನೂ ಒಳ್ಳೆಯದು. ಆದರೆ ವರ್ಷಗಟ್ಟಲೆ ಗುಂಡಿ ಹಾರಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಇದನ್ನು ನಾನು ಕಲಿತದ್ದು ಅವಮಾನದಿಂದ. ಐಟಿಐಯಲ್ಲಿ ಫಿಟ್ಟರ್ ವಿಭಾಗದ ಮೇಷ್ಟ್ರಾಗಿದ್ದ ಹೊಸತರಲ್ಲಿ ಲಾರಿ ಪಟ್ಟಿಯಿಂದ ಕತ್ತಿ ಮಾಡಿ, ಹುಡುಗರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು, ಕೆಂಪಗೆ ಕಾಸಿ ತಣ್ಣೀರಿಗೆ ಅದ್ದಿದೆ. ‘ಟಿಣ್’ ಎಂದಿತು. ಹಿಂದಿನ ಸಾಲಿನ ಹುಡುಗನೊಬ್ಬ, “ಸಾರ್, ಆಯಿತಾ?” ಎಂದ. ಎತ್ತಿ ನೋಡಿದರೆ ಬೆನ್ನಿನಿಂದ ಬಾಯಿವರೆಗೆ ಕೂದಲಿನಂಥ ಸೀಳು.

ಆದ್ದರಿಂದ ಪಟ್ಟಿಯನ್ನು ಉಜ್ಜಿ ಬೆಳ್ಳಗೆ ಮಾಡಿ, ಸೀಮೆಎಣ್ಣೆ ಸವರಿ ಕಾಲು ಗಂಟೆ ಬಿಡಿ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ಆದೀತು. ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಹಚ್ಚಿ. ಬಿರುಕಿದ್ದರೆ ಒಳಗೆ ಕುಳಿತ ಎಣ್ಣೆ ಮೆಲ್ಲಗೆ ಹೊರಬಂದು ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಆ ತುಂಡನ್ನು ಬಿಟ್ಟು ಬೇರೆ ತುಂಡು ಹಿಡಿಯಿರಿ. ಹದ ಹಾಕುವಾಗ ಅಯಸ್ಕಾಂತ ಹಿಡಿಯದಷ್ಟು ಕಾಯಲಿ, ಅದಕ್ಕಿಂತ ಒಂದು ಛಾಯೆ ಹೆಚ್ಚು, ಆಮೇಲೆ ಉಗುರು ಬೆಚ್ಚಗಿನ ಎಣ್ಣೆಗೆ ಇಳಿಸಲಿ, ನೀರಿಗೆ ಬೇಡ. ಹದ ಕೂತಿದ್ದರೆ, ಅರ ಉಜ್ಜಿದಾಗ ಜಾರಬೇಕು. ಅದೇ ದಿನ, ಮನೆಯಲ್ಲಿ ಕೇಕ್ ಬೇಯಿಸುವ ಓವನ್ ಇದ್ದರೆ 200 ಡಿಗ್ರಿಯಲ್ಲಿ ಒಂದೊಂದು ಗಂಟೆಯಂತೆ ಎರಡು ಸಲ ಇಡಿ. ಉಜ್ಜಿದ ಮೈ ಹುಲ್ಲಿನ ಹೊಂಬಣ್ಣಕ್ಕೆ ತಿರುಗುತ್ತದೆ. ಓವನ್ನಿನ ಈ ಕೆಲಸ ಬಿಟ್ಟರೆ ಅಲಗು ಗಾಜಿನಂತೆ ಒಡೆಯುತ್ತದೆ.

ಹಿಡಿಗೆ ಕಾಫಿಯ ಕಾಂಡವನ್ನೇ ಹಾಕಿ. ಬಿಳಿ ಕಾಂಡಕೊರಕ ಹತ್ತಿ ಕಿತ್ತ ಅರೇಬಿಕಾ ಗಿಡಗಳು ಆ ತೋಟದಲ್ಲೇ ರಾಶಿ ಬಿದ್ದಿರುತ್ತವೆ. ಮಾವ ನೆಡಿಸಿದ ಬ್ಲಾಕಿನದ್ದೇ ಸಿಕ್ಕರೆ ಬಿಡಬೇಡಿ. ತೋಳಿನ ದಪ್ಪದ ಹಳೆಯ ಕಾಂಡ ಆರಿಸಿ, ಹುಳು ಸಾಯುವಂತೆ ಹತ್ತು ದಿನ ನೀರಿನಲ್ಲಿ ಮುಳುಗಿಸಿಡಿ. ಆಮೇಲೆ ಎರಡಾಗಿ ಸೀಳಿ, ತುದಿಗಳಿಗೆ ಮೇಣ ಬಳಿದು ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಬಾಯಿ ಬಿಡುತ್ತದೆ. ಆಯುಧಪೂಜೆಗೆ ಇನ್ನೂ ಐದಾರು ತಿಂಗಳಿದೆ, ಸಮಯ ಸಾಕು. ಒಣಗಿದ ಮೇಲೆ ದಂತದ ಬಣ್ಣದ, ನುಣ್ಣನೆಯ ಗಟ್ಟಿ ಮರ. ಹುಳು ಕೊರೆದ ಸುರಂಗ ಕಂಡರೆ ಮುಚ್ಚಿ ಮರೆಮಾಡಬೇಡಿ. ಸಣ್ಣಗೆ ಬೀಸಿದ ಕಾಫಿಪುಡಿಯನ್ನು ಅರಾಲ್ಡೈಟ್ ಅಂಟಿನಲ್ಲಿ ಕಲಸಿ ತುಂಬಿ, ಉಜ್ಜಿ ನಯ ಮಾಡಿ. ಬೆಳ್ಳನೆಯ ಹಿಡಿಯಲ್ಲಿ ಕಂದು ಬಣ್ಣದ ಅಂಕುಡೊಂಕು ಗೆರೆ ಉಳಿಯುತ್ತದೆ. ಮೂವತ್ತೆಂಟು ವರ್ಷ ಆ ಹುಳುವಿನೊಡನೆ ಗುದ್ದಾಡಿದವರಿಗೆ ಅದು ಏನೆಂದು ವಿವರಿಸಬೇಕಾಗಿಲ್ಲ.

ಹಿಡಿಯ ದಪ್ಪವನ್ನು ಅವರ ಹಳೆಯ ಕಸಿ ಕತ್ತಿಯಿಂದ ಕದ್ದು ಅಳೆದುಕೊಳ್ಳಿ. ಅಲಗು ಹಿಡಿಗೆ ಸೇರುವಲ್ಲಿ ಹಿತ್ತಾಳೆಯ ಪಟ್ಟಿ ಬರಲಿ. ಬರಹ ಬೇಕಿದ್ದರೆ ಅದರ ಮೇಲೆ. ಜೋಡಿಸುವ ಮೊದಲೇ ಆ ಪಟ್ಟಿಯನ್ನು ಪಾತ್ರೆ ಅಂಗಡಿಗೆ ಒಯ್ದರೆ, ಲೋಟಕ್ಕೆ ಹೆಸರು ಹಾಕುವವರೇ ಐದು ನಿಮಿಷದಲ್ಲಿ ಕೊರೆದುಕೊಡುತ್ತಾರೆ. ಮಾವನ ಹೆಸರು, ತೋಟಕ್ಕೆ ಸೇರಿದ ವರ್ಷ, ಬಿಟ್ಟ ವರ್ಷ. ನೀವು ಬರೆದಿರುವ ನಾಲ್ಕು ಸಾಲಿನ ಹೊಗಳಿಕೆಯನ್ನು ಕಾಗದದಲ್ಲಿ ಬರೆದು ಕೊಡಿ.

ಚರ್ಮದ ಒರೆ ಮಾಡಿಸಿ, ಆದರೆ ಮಳೆಗಾಲದಲ್ಲಿ ಕತ್ತಿ ಅದರೊಳಗೆ ಇರಬಾರದು. ಚರ್ಮ ತೇವ ಹೀರಿ ಅಲಗಿಗೆ ಕೊಡುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಸವರಿ ಬೀರುವಿನಲ್ಲಿಡಲಿ. ಕೊಬ್ಬರಿ ಎಣ್ಣೆ ಬೇಡ, ಅದು ಕಮಟಿ ಅಂಟಾಗುತ್ತದೆ.

ಅಮ್ಮನ ಮಾತನ್ನು ತಳ್ಳಿಹಾಕಬೇಡಿ. ಅವರು ಹೇಳುತ್ತಿರುವುದು ತಮ್ಮ ಅಣ್ಣನ ವಿಷಯ. ಕತ್ತಿಯನ್ನು ಕೈಯಿಂದ ಕೈಗೆ ಕೊಡದೆ, ತಟ್ಟೆಯಲ್ಲಿ ಎಲೆ ಅಡಿಕೆಯ ಜೊತೆ ಇಟ್ಟು, ಪೂಜೆಯ ದಿನ ಅಮ್ಮನ ಕೈಯಿಂದಲೇ ಕುಂಕುಮ ಹಚ್ಚಿಸಿ. ಮಾವ ಒಂದು ರೂಪಾಯಿ ತಟ್ಟೆಗೆ ಹಾಕಿ ತೆಗೆದುಕೊಳ್ಳಲಿ. ಆಗ ಅದು ಉಡುಗೊರೆಯಲ್ಲ, ವ್ಯಾಪಾರ.

ತಿದ್ದಿದ ನಕ್ಷೆಯನ್ನು ಅಂಚೆಗೆ ಹಾಕಿದ್ದೇನೆ. ಹುಲಿಯನ್ನು ಅಳಿಸಿದ್ದೇನೆ. ಮೊದಲು ರಟ್ಟಿನಲ್ಲಿ ಕತ್ತರಿಸಿ ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಕುಲುಮೆಗೆ ಹೋಗಿ.