ಓದುಗರ ಪ್ರಶ್ನೆ: ಬೇಲಿ ಹಲಗೆಯ ತುದಿಗೆ ಅಂದದ ಆಕಾರ

ಪ್ರಶ್ನೆ: ಮನೆಯ ಮುಂದಿನ ಬೇಲಿಗಾಗಿ 90 ಮಿ.ಮೀ. ಅಗಲ, 20 ಮಿ.ಮೀ. ದಪ್ಪದ 60 ಹಲಗೆಗಳನ್ನು ತಂದಿದ್ದೇನೆ. ಅವುಗಳ ತುದಿಯನ್ನು ಮೊನೆಯುಳ್ಳ ಕಮಾನಿನಂತೆ ನಾನೇ ಕತ್ತರಿಸುವ ಆಸೆಯಿಂದ ಜಿಗ್‌ಸಾ (ಕಿರಿದಾದ ಬ್ಲೇಡ್ ಮೇಲೆ ಕೆಳಗೆ ಆಡುವ ವಿದ್ಯುತ್ ಗರಗಸ) ಹಿಡಿದು ಐದಾರು ಹಲಗೆಗಳನ್ನು ಕೊಯ್ದು ನೋಡಿದೆ. ಒಂದರಂತೆ ಇನ್ನೊಂದಿಲ್ಲ. ಸಾಲದ್ದಕ್ಕೆ, ಮುಂಭಾಗದ ಅಂಚಿನುದ್ದಕ್ಕೂ ಸಿಬಿರು ಎದ್ದಿದೆ. ಎಲ್ಲಿ ತಪ್ಪಿದೆ?

ಉತ್ತರ: ನುರಿತ ಬಡಗಿಯೂ 60 ಹಲಗೆಗಳನ್ನು ಕಣ್ಣಳತೆಯಲ್ಲಿ ಒಂದೇ ತೆರನಾಗಿ ಕೊಯ್ಯಲಾರ, ಆದ್ದರಿಂದ ಆತ ಮೊದಲು ಅಚ್ಚು ಮಾಡಿಕೊಳ್ಳುತ್ತಾನೆ. ನೀವೂ ಉಳಿದ ಹಲಗೆಗಳನ್ನು ಮುಟ್ಟುವ ಮುನ್ನ 6 ಮಿ.ಮೀ. ದಪ್ಪದ ಪ್ಲೈವುಡ್ ತುಂಡೊಂದನ್ನು ಹಲಗೆಯಷ್ಟೇ ಅಗಲಕ್ಕೆ ಕತ್ತರಿಸಿಕೊಂಡು, ಅದರ ನಡುವೆ ಉದ್ದಕ್ಕೊಂದು ಗೆರೆ ಎಳೆಯಿರಿ. ಕೈವಾರವನ್ನು ಸರಿಯಾಗಿ 90 ಮಿ.ಮೀ.ಗೆ ತೆರೆದು, ಅದರ ಮುಳ್ಳನ್ನು ಒಂದು ಅಂಚಿನ ಮೇಲಿಟ್ಟು, ಎದುರಿನ ಅಂಚಿನಿಂದ ನಡುಗೆರೆಯವರೆಗೆ ಕಂಸ ಎಳೆಯಿರಿ. ಮುಳ್ಳನ್ನು ಅದೇ ಎತ್ತರದಲ್ಲಿ ಇನ್ನೊಂದು ಅಂಚಿಗೆ ಬದಲಿಸಿ ಮತ್ತೊಂದು ಕಂಸ ಎಳೆದರೆ ಎರಡೂ ನಡುಗೆರೆಯ ಮೇಲೆ ಕೂಡುತ್ತವೆ. ಕಮಾನು ಶುರುವಾಗುವ ಮಟ್ಟದಿಂದ ಮೊನೆಯ ಎತ್ತರ ಸುಮಾರು 78 ಮಿ.ಮೀ. ಬರುತ್ತದೆ. ಈ ಅಚ್ಚಿನ ಮೇಲೆ ಒಂದು ಗಂಟೆ ಹೆಚ್ಚಿಗೆ ಕಳೆದರೂ ನಷ್ಟವಿಲ್ಲ, ಏಕೆಂದರೆ ಇದರಲ್ಲಿ ಉಳಿದ ಒಂದು ಸಣ್ಣ ಉಬ್ಬು ಅರವತ್ತೂ ಹಲಗೆಗಳಲ್ಲಿ ಕಾಣಿಸುತ್ತದೆ. ಅಚ್ಚಿನ ಎರಡೂ ಬದಿಗೆ ತೆಳುವಾದ ಪಟ್ಟಿಗಳನ್ನು ಅಂಟಿಸಿದರೆ ಅದು ಹಲಗೆಯ ಮೇಲೆ ಟೋಪಿಯಂತೆ ಕೂರುತ್ತದೆ, ಅತ್ತಿತ್ತ ಜರುಗುವುದಿಲ್ಲ.

ಇನ್ನು ಸಿಬಿರಿನ ಮಾತು. ಜಿಗ್‌ಸಾದ ಸಾಮಾನ್ಯ ಬ್ಲೇಡಿನ ಹಲ್ಲುಗಳು ಮೇಲ್ಮುಖವಾಗಿರುತ್ತವೆ. ಅದು ಮೇಲಕ್ಕೆ ಏಳುವಾಗ ಕೊಯ್ಯುತ್ತದೆ, ಹಾಗಾಗಿ ಯಂತ್ರ ಕೂತಿರುವ ಮುಖದಲ್ಲೇ ಮರದ ಎಳೆಗಳು ಕಿತ್ತು ಬರುತ್ತವೆ. ಹಲಗೆಯ ಚೆಂದದ ಮುಖವನ್ನು ಕೆಳಗೆ ಮಾಡಿ, ಹಿಂಬದಿಯಲ್ಲಿ ಗೆರೆ ಹಾಕಿಕೊಂಡು ಕೊಯ್ದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಕೆಲಸ ಬೇಗ ಮುಗಿಯಲೆಂದು ನಾಲ್ಕೈದು ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ ಕೊಯ್ಯಲು ಹೋಗಬೇಡಿ. ಬ್ಲೇಡಿಗೆ ಮೇಲ್ತುದಿಯಲ್ಲಿ ಮಾತ್ರ ಹಿಡಿತವಿರುವುದರಿಂದ ತಿರುವಿನಲ್ಲಿ ಅದರ ಕೆಳತುದಿ ಬಾಗುತ್ತದೆ, ಅಡಿಯ ಹಲಗೆಯ ಆಕಾರವೇ ಬೇರೆಯಾಗುತ್ತದೆ. ಎರಡು ಹಲಗೆಗಳಿಗಿಂತ ಹೆಚ್ಚು ಬೇಡ ಎಂಬುದು ನನ್ನ ಅಭಿಪ್ರಾಯ. ಗೆರೆಯಿಂದ ಒಂದೆರಡು ಮಿ.ಮೀ. ಹೊರಗೇ ಕೊಯ್ದು, ಉಳಿದದ್ದನ್ನು ಅರದಿಂದ ಗೆರೆಯವರೆಗೆ ತನ್ನಿ.

ಅರ ಹಿಡಿಯುವ ದಿಕ್ಕನ್ನು ಅನೇಕರು ಗಮನಿಸುವುದೇ ಇಲ್ಲ. ಚಾಕುವಿನಿಂದ ಪೆನ್ಸಿಲ್ ಹೆರೆಯುವುದನ್ನು ನೆನಪಿಸಿಕೊಳ್ಳಿ: ಚಾಕು ಯಾವಾಗಲೂ ಮೊನೆಯ ಕಡೆಗೇ ಸರಿಯುತ್ತದೆ, ಮೊನೆಯಿಂದ ಹಿಂದಕ್ಕೆ ಒತ್ತಿದರೆ ಅಲಗು ಎಳೆಗಳ ನಡುವೆ ನುಗ್ಗಿ ಮರವನ್ನು ಸೀಳುತ್ತದೆ. ಬೇಲಿ ಹಲಗೆಯಲ್ಲಿಯೂ ಎಳೆಗಳು ಉದ್ದಕ್ಕೇ ಇರುವುದರಿಂದ ಅರವನ್ನೂ ಉಪ್ಪು ಕಾಗದವನ್ನೂ ಭುಜದಿಂದ, ಅಂದರೆ ಕಮಾನು ಶುರುವಾಗುವ ಕಡೆಯಿಂದ, ಮೊನೆಯತ್ತ ನಡೆಸಬೇಕು. ರೂಟರ್ (ಒಂದೇ ದಿಕ್ಕಿಗೆ ವೇಗವಾಗಿ ತಿರುಗುವ ಬಿಟ್‌ನಿಂದ ಅಂಚು ಕೊರೆಯುವ ಯಂತ್ರ) ಬಳಸುವವರಿಗೆ ಇದೇ ಕಾರಣದಿಂದ ಕಮಾನಿನ ಒಂದು ಅರ್ಧ ನುಣುಪಾಗಿ ಬಂದು ಇನ್ನೊಂದು ಅರ್ಧದಲ್ಲಿ ಚಕ್ಕೆ ಏಳುತ್ತದೆ. ಅಚ್ಚಿನ ಅಂಚಿನ ಗುಂಟ ಉರುಳುವ ಬೇರಿಂಗ್ ಮೇಲೂ ಕೆಳಗೂ ಇರುವ ಬಿಟ್ ಹಾಕಿಕೊಂಡು, ಅರ್ಧ ಮುಗಿದ ಮೇಲೆ ಅಚ್ಚಿನ ಸಮೇತ ಹಲಗೆಯನ್ನು ಮಗುಚಿದರೆ ಎರಡೂ ಬದಿ ಎಳೆಗೆ ಅನುಕೂಲವಾದ ದಿಕ್ಕಿನಲ್ಲೇ ಆಗುತ್ತವೆ. ಆದರೆ 60 ಹಲಗೆಗಳಿಗಾಗಿಯೇ ರೂಟರ್ ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ.

ಪ್ರಶ್ನೆ: ಬೇಲಿ ಹಲಗೆಯ ತುದಿಗಳನ್ನು ಇಸ್ಪೀಟಿನ ಸ್ಪೇಡ್ ಗುರುತಿನ ಆಕಾರದಲ್ಲಿ ಕೊರೆದಿದ್ದೆ. ಕಂಠದ (ತುದಿಯ ಕೆಳಗಿನ ಸಪೂರ ಭಾಗ) ಮೇಲೆ ಎರಡೂ ಬದಿಗೆ ಚಾಚಿದ ಕಿವಿಗಳು ಒಂದೊಂದಾಗಿ ಮುರಿದು ಬೀಳುತ್ತಿವೆ. ಮರ ಕೆಟ್ಟದ್ದೇ?

ಉತ್ತರ: ಮರವನ್ನು ದೂರಬೇಡಿ. ಕಂಠವನ್ನು ಒಳಕ್ಕೆ ಕೊರೆದಾಗ ಕಿವಿಯ ಎಳೆಗಳಿಗೆ ಕೆಳಗಿನ ಆಧಾರ ತಪ್ಪುತ್ತದೆ. ನಡುವಿನ ಮರಕ್ಕೆ ಅದು ಪಕ್ಕದಿಂದ ಮಾತ್ರ ಅಂಟಿಕೊಂಡಿರುತ್ತದೆ. ಮರವು ಎಳೆಯ ಗುಂಟ ಸುಲಭವಾಗಿ ಸೀಳುವುದರಿಂದ ಒಂದು ಸಣ್ಣ ಪೆಟ್ಟು ಅಥವಾ ಒಂದೆರಡು ಸಲದ ಒದ್ದೆ, ಬಿಸಿಲು ಸಾಕು. ಕಂಠದ ಕೊರೆತವನ್ನು ಕಡಿಮೆ ಮಾಡಿ, ಕಿವಿಯನ್ನು ಎತ್ತರವಾಗಿ ಇಳಿಜಾರಾಗಿ ರೂಪಿಸಿದರೆ ಅದು ಹಿಡಿದುಕೊಳ್ಳುವ ಉದ್ದ ಹೆಚ್ಚುತ್ತದೆ. ಒಳತಿರುವನ್ನು ಗರಗಸದಿಂದ ತಿರುಗಿಸಿ ಕೊಯ್ಯುವ ಬದಲು, ಅಡಿಗೆ ರದ್ದಿ ಹಲಗೆಯೊಂದನ್ನು ಬಿಗಿದು, ದೊಡ್ಡ ಬಿಟ್‌ನಿಂದ ಮೊದಲೇ ತೂತು ಕೊರೆದು, ಆಮೇಲೆ ಹೊರಗಿನ ಗೆರೆಯನ್ನು ತೂತಿಗೆ ಕೂಡಿಸಿದರೆ ಎಲ್ಲ ಕಂಠಗಳೂ ಒಂದೇ ಸಮನಾಗಿ ಬರುತ್ತವೆ. ಮುರಿದ ಕಿವಿಗಳು ಕೈಯಲ್ಲಿದ್ದರೆ ಎಸೆಯಬೇಡಿ. ನೀರು ತಡೆಯುವ ಮರದ ಅಂಟಿನಿಂದ ಅವನ್ನು ಮತ್ತೆ ಕೂಡಿಸಬಹುದು.

ಪ್ರಶ್ನೆ: ಬಣ್ಣ ಬಳಿದ ಬೇಲಿಯಲ್ಲಿ ತುದಿಗಳಷ್ಟೇ ಮೊದಲು ಕಪ್ಪಾಗಿ ಸಿಪ್ಪೆ ಏಳುವುದೇಕೆ?

ಉತ್ತರ: ಮರದ ಎಳೆಗಳೆಂದರೆ ಉದ್ದುದ್ದ ಕೊಳವೆಗಳ ಕಟ್ಟು. ತುದಿಯನ್ನು ಕೊಯ್ದಾಗ ಆ ಕೊಳವೆಗಳ ಬಾಯಿ ತೆರೆಯುತ್ತದೆ, ಅಲ್ಲಿಂದ ನೀರು ಪಕ್ಕದ ಮುಖಗಳಿಗಿಂತ ಎಷ್ಟೋ ಪಾಲು ವೇಗವಾಗಿ ಒಳಗಿಳಿಯುತ್ತದೆ. ಚಪ್ಪಟೆ ತುದಿಯ ಮೇಲೆ ನೀರು ನಿಲ್ಲುತ್ತದೆ, ಮೊನೆ ಅಥವಾ ಕಮಾನಿನ ಮೇಲಾದರೆ ಜಾರಿ ಹೋಗುತ್ತದೆ. ಈ ಆಕಾರಗಳ ಪ್ರಯೋಜನ ಅಂದದಷ್ಟೇ ಇಲ್ಲಿಯೂ ಇದೆ. ಹೊಸದಾಗಿ ಕೊಯ್ದ ತುದಿಗೆ ಮರ ರಕ್ಷಕ ದ್ರಾವಣವನ್ನು ಹೀರುವಷ್ಟು ಕುಡಿಸಿ, ಪೂರ್ತಿ ಒಣಗಿದ ಮೇಲೆ ಪ್ರೈಮರನ್ನು ಎರಡು ಮೂರು ಸಲ ಬಳಿಯಿರಿ. ಬಣ್ಣಕ್ಕೆ ಮುನ್ನ ಚೂಪಾದ ಅಂಚುಗಳನ್ನು 120 ನಂಬರಿನ ಉಪ್ಪು ಕಾಗದದಿಂದ ಮೊಂಡು ಮಾಡಿ, ಏಕೆಂದರೆ ಚೂಪು ಅಂಚಿನ ಮೇಲೆ ಬಣ್ಣದ ಪದರ ತೆಳುವಾಗಿ ಅಲ್ಲಿಂದಲೇ ಬಿರಿಯುತ್ತದೆ. ರಾಸಾಯನಿಕದಲ್ಲಿ ಊಡಿದ ಮರವಾದರೆ ಕೊಯ್ಯುವಾಗ ಮಾಸ್ಕನ್ನೂ ಕನ್ನಡಕವನ್ನೂ ಧರಿಸಿ, ಉಳಿದ ಚೂರುಗಳನ್ನು ಒಲೆಗೆ ಹಾಕದಿರಿ. ಅದರ ಹೊಗೆ ವಿಷಕಾರಿ.