ಎಲ್ಲ ವಯಸ್ಸಿನವರಿಗೂ ಆಟ, ವ್ಯಾಯಾಮ ಹೇಳಿಕೊಡುವುದನ್ನೇ ವೃತ್ತಿ ಮಾಡಿಕೊಳ್ಳಬಹುದೇ? ಎಲ್ಲಿಂದ ಶುರು ಮಾಡಲಿ?

ದೈಹಿಕ ಶಿಕ್ಷಣದ ಪದವಿ ಬಿ.ಪಿ.ಎಡ್. ಮುಗಿದಿದೆ, 6 ಲಕ್ಷ ಸಾಲ ಸಿಗುವ ಹಾಗಿದೆ, ಹಾಲ್ ಕೂಡ ನೋಡಿಟ್ಟಿದ್ದೀರಿ. ಮಕ್ಕಳಿಗೊಂದು, ದೊಡ್ಡವರಿಗೊಂದು, ಹಿರಿಯರಿಗೊಂದು ಬ್ಯಾಚ್ ಮಾಡುತ್ತೇನೆ, ಇನ್ನು ಯಾವ ಸರ್ಟಿಫಿಕೇಟ್ ಬೇಕು ಅಂತ ಕೇಳಿದ್ದೀರಿ. ಓದುತ್ತಾ ಓದುತ್ತಾ ನನ್ನ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು. ಸರ್ಟಿಫಿಕೇಟಿನ ಮಾತು ಆಮೇಲೆ. ಆ ಮೂರು ಬ್ಯಾಚ್ ಇದೆಯಲ್ಲ, ನನ್ನನ್ನು ಮುಳುಗಿಸಿದ್ದು ಅದೇ.

ನಾನು ಕಾಲೇಜಿನಲ್ಲಿ ಖೋ ಖೋ ಆಡುತ್ತಿದ್ದವಳು. ಆಗ ಬಿ.ಪಿ.ಎಡ್. ಒಂದೇ ವರ್ಷದ್ದು, ಈಗಿನ ಹಾಗೆ ಎರಡು ವರ್ಷ ಅಲ್ಲ. ಮುಗಿಸಿಕೊಂಡು ಮೈಸೂರಿನ ಒಂದು ಖಾಸಗಿ ಶಾಲೆಯಲ್ಲಿ ಮೂರು ವರ್ಷ ಪಿ.ಟಿ. ಮಿಸ್ ಆಗಿದ್ದೆ. ಸಂಬಳ 9,000. ಜನವರಿ ಬಂತೆಂದರೆ ನನ್ನ ಪೀರಿಯಡ್ಡೆಲ್ಲ ಗಣಿತದವರ ಪಾಲು. ಎಸ್ಸೆಸ್ಸೆಲ್ಸಿ ಮಕ್ಕಳು ಕಿಟಕಿಯಿಂದ ಮೈದಾನ ನೋಡುತ್ತಾ ಕೂತಿರುವುದನ್ನು ನೋಡಲಾಗದೆ 2016ರಲ್ಲಿ ಕೆಲಸ ಬಿಟ್ಟೆ. ಬಡಾವಣೆಯೊಂದರಲ್ಲಿ ನೆಲಮಹಡಿಯ ಹಾಲ್ ಹಿಡಿದೆ. ಅಡ್ವಾನ್ಸ್ 1,50,000, ಬಾಡಿಗೆ ತಿಂಗಳಿಗೆ 18,000. ಎರಡು ಟ್ರೆಡ್‌ಮಿಲ್, ಸೈಕಲ್, ಗೋಡೆ ತುಂಬ ಕನ್ನಡಿ. ಅಮ್ಮ ಬಳೆ ಅಡವಿಟ್ಟು ಕೊಟ್ಟ ದುಡ್ಡೂ ಅದರಲ್ಲಿತ್ತು.

ಹಿರಿಯರಿಗೆ ಬೆಳಗ್ಗೆ 6ಕ್ಕೆ, ಹೆಂಗಸರಿಗೆ 10ಕ್ಕೆ, ಮಕ್ಕಳಿಗೆ ಸಂಜೆ 4:30ಕ್ಕೆ. ಮಕ್ಕಳ ಬ್ಯಾಚ್ ತುಂಬಿತು. ಬೆಳಗಿನದ್ದಕ್ಕೆ ಮೂರೇ ಜನ, ಅವರೂ ಮಳೆ ಬಂದರೆ ಇಲ್ಲ. ಹಿರಿಯರಿಗೆ ಆಸಕ್ತಿಯಿಲ್ಲ ಅಂದುಕೊಂಡೆ. ಅವರು ದಿನಾ ಸಂಜೆ ನನ್ನ ಬಾಗಿಲಲ್ಲೇ ಕೂತಿರುತ್ತಿದ್ದರು. ಮೊಮ್ಮಕ್ಕಳನ್ನು ಕರೆತರುತ್ತಿದ್ದವರು ಅಜ್ಜಿ ತಾತಂದಿರೇ. ಅಪ್ಪ ಅಮ್ಮ ಆಫೀಸಿನಲ್ಲಿ. ಏಳೆಂಟು ಜನ ಹೊರಗಿನ ಮೆಟ್ಟಿಲ ಮೇಲೆ ಒಂದು ಗಂಟೆ ಕೂತು, ಮಗುವಿನ ಕೈ ಹಿಡಿದು ವಾಪಸ್ ಹೋಗುತ್ತಿದ್ದರು.

ಶುರುವಿನಲ್ಲಿ ಒಬ್ಬಿಬ್ಬರು ಒಳಗೆ ಬಂದು ನಿಂತು ನೋಡುತ್ತಿದ್ದರು. ಮಕ್ಕಳ ಗಮನ ಹೋಗುತ್ತದೆ, "ಬೀಳ್ತೀಯ ಪುಟ್ಟಾ" ಅಂತ ಅವರು ಕೂಗಿದರೆ ಮಗು ಹೆದರುತ್ತದೆ ಎನ್ನುವುದು ನನ್ನ ವಾದ. ಹಾಗಾಗಿ ಒಂದು ಬೋರ್ಡ್ ಬರೆಸಿದೆ: "ಪೋಷಕರು ಹೊರಗೆ ಕಾಯತಕ್ಕದ್ದು". ಬಿಳಿ ಹಲಗೆ, ಕೆಂಪು ಅಕ್ಷರ, 350 ರೂಪಾಯಿ. ನಾನು ಮಾಡಿದ ತಪ್ಪು ಅದೊಂದೇ. ಬಾಡಿಗೆ ಜಾಸ್ತಿಯಾಯಿತು, ಟ್ರೆಡ್‌ಮಿಲ್ ತಗೊಳ್ಳಬಾರದಿತ್ತು, ಇವೆಲ್ಲ ಅದರ ಹಿಂದೆ ಬಂದದ್ದು. ಬೆಳಗ್ಗೆ 6ಕ್ಕೆ ಬನ್ನಿ ಅಂತ ಯಾರಿಗಾಗಿ ಪಾಂಪ್ಲೆಟ್ ಹಂಚುತ್ತಿದ್ದೆನೋ ಅವರನ್ನೇ ಸಂಜೆ ಹೊರಗೆ ಕೂರಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಬೆಳಗ್ಗೆ 6ಕ್ಕೆ ಆ ಅಜ್ಜಿ ಮನೆಯಲ್ಲಿ ಹಾಲು ಕಾಯಿಸುತ್ತಿರುತ್ತಾಳೆ, ಮಗುವಿನ ಡಬ್ಬಿಗೆ ಚಿತ್ರಾನ್ನ ಕಲೆಸುತ್ತಿರುತ್ತಾಳೆ. ಇಡೀ ದಿನದಲ್ಲಿ ಆಕೆಗೆ ಬಿಡುವಾಗಿ ಸಿಗುವುದು ನನ್ನ ಮೆಟ್ಟಿಲ ಮೇಲಿನ ಆ ಒಂದು ಗಂಟೆ. ಇದು ಗೊತ್ತಾಗಲು ಓದು ಬೇಡ, ಒಂದು ದಿನ ಪಕ್ಕದಲ್ಲಿ ಕೂತು ಮಾತಾಡಿಸಿದ್ದರೆ ಸಾಕಿತ್ತು. ನಾನು ಮಾತಾಡಿಸಲಿಲ್ಲ.

ಅವರಲ್ಲಿ ಒಬ್ಬ ಅಜ್ಜಿ ಮೂರನೇ ಕ್ಲಾಸಿನ ಮೊಮ್ಮಗಳನ್ನು ಕರೆತರುತ್ತಿದ್ದರು. ಬಾಗಿಲು ತೆಗೆದಾಗ ಅವರು ಏಳುವುದನ್ನು ದಿನಾ ನೋಡುತ್ತಿದ್ದೆ. ಬ್ಯಾಗನ್ನು ಪಕ್ಕಕ್ಕಿಟ್ಟು, ಎಡಗೈಯಲ್ಲಿ ಕಂಬಿ ಹಿಡಿದು, ಬಲಗೈಯನ್ನು ಮೊಣಕಾಲಿಗೆ ಊರಿ, ಒಂದು ಸಲ ಅರ್ಧ ಎದ್ದು ಮತ್ತೆ ಕೂತು, ಎರಡನೇ ಸಲಕ್ಕೆ "ರಾಮ ರಾಮಾ" ಅಂತ ಏಳುತ್ತಿದ್ದರು. ಎದ್ದ ಮೇಲೆ ಹೆಜ್ಜೆಯಿಡದೆ ಎರಡು ಕ್ಷಣ ಹಾಗೇ ನಿಲ್ಲುತ್ತಿದ್ದರು. ಕುರ್ಚಿಯಿಂದ 30 ಸೆಕೆಂಡಿನಲ್ಲಿ ಕೈಯೂರದೆ ಎಷ್ಟು ಸಲ ಎದ್ದು ಕೂರುತ್ತಾರೆ ಎಂದು ಎಣಿಸಿ ಕಾಲಿನ ಬಲ ತಿಳಿಯುವ ಪರೀಕ್ಷೆಯೊಂದಿದೆ. ಅದನ್ನು ಓದಿದ್ದವಳು ನಾನು. ಸುಮಾರು ಹತ್ತು ತಿಂಗಳು ಆ ಪರೀಕ್ಷೆ ದಿನಾ ನನ್ನ ಕಣ್ಣೆದುರೇ ನಡೆಯಿತು. ಬಾಗಿಲು ತೆಗೆದು ಮಗುವನ್ನು ಒಪ್ಪಿಸಿ ಒಳಗೆ ಹೋಗುತ್ತಿದ್ದೆ.

ಒಂದು ವಾರ ಆ ಹುಡುಗಿ ಬರಲಿಲ್ಲ. ಫೋನ್ ಮಾಡಿದರೆ ತಾಯಿ, "ಅತ್ತೆ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದಿದೆ ಮಿಸ್, ಆಪರೇಷನ್ ಆಗಿದೆ. ಇನ್ನು ಮಗೂನ ಕರ್ಕೊಂಡು ಬರೋರು ಯಾರೂ ಇಲ್ಲ" ಅಂದರು. ನಾನು ಹೇಳಿಕೊಟ್ಟಿದ್ದರೆ ಅವರು ಬೀಳುತ್ತಿರಲಿಲ್ಲ ಎಂದು ಹೇಳಲಾರೆ. ಅಜ್ಜಿ ಬಿದ್ದರೆ ಮಗುವಿನ ಆಟವೂ ನಿಲ್ಲುತ್ತದೆ ಎನ್ನುವುದು ಮಾತ್ರ ಅವತ್ತು ಗೊತ್ತಾಯಿತು. ಆ ವರ್ಷ ಹೀಗೆ ಒಂದಲ್ಲ ಒಂದು ಕಾರಣಕ್ಕೆ ಕರೆತರುವವರಿಲ್ಲದೆ ಹನ್ನೊಂದು ಮಕ್ಕಳು ಬಿಟ್ಟರು. ಹದಿನಾಲ್ಕನೇ ತಿಂಗಳಿಗೆ ಹಾಲ್ ಖಾಲಿ ಮಾಡಿದೆ. ಟ್ರೆಡ್‌ಮಿಲ್ ಅರ್ಧ ಬೆಲೆಗೂ ಹೋಗಲಿಲ್ಲ. ಒಟ್ಟು 4,80,000 ಹೋಯಿತು. ಅಮ್ಮನ ಬಳೆ ಬಿಡಿಸಲು ಮೂರು ವರ್ಷ ಹಿಡಿಯಿತು.

ಬೋರ್ಡನ್ನು ಮನೆಗೆ ತಂದು ಅಟ್ಟಕ್ಕೆ ಹಾಕಿದೆ. ಪಕ್ಕದ ಪಾರ್ಕಿನ ನಿವಾಸಿಗಳ ಸಂಘದವರ ಹತ್ತಿರ ಹೋಗಿ, ಸಂಜೆ ಒಂದು ಗಂಟೆ ಜಾಗ ಕೊಡಿ, ಮೊದಲ ಎರಡು ತಿಂಗಳು ದುಡ್ಡು ಬೇಡ ಅಂದೆ. ಅವರ ಜತೆ ಹೋಗಿ ಪಾಲಿಕೆಗೆ ಅರ್ಜಿ ಕೊಟ್ಟು ಒಪ್ಪಿಗೆ ಪಡೆದೆ. ಹತ್ತು ಪ್ಲಾಸ್ಟಿಕ್ ಕುರ್ಚಿ ಬಾಡಿಗೆಗೆ ತಂದೆ, ಕೈಯಿಲ್ಲದವು. ಸುಣ್ಣದಲ್ಲಿ ನೆಲದ ಮೇಲೆ ದೊಡ್ಡ ಚೌಕಾಬಾರ ಬರೆದೆ, ಐದಕ್ಕೆ ಐದು ಮನೆ, ಒಂದೊಂದು ಮನೆಯಲ್ಲಿ ಇಬ್ಬರು ಮಕ್ಕಳು ನಿಲ್ಲುವಷ್ಟು. ಮಕ್ಕಳೇ ಕಾಯಿ. ಕವಡೆ ಹಾಕುವವರು ಅಜ್ಜಿ ತಾತಂದಿರು. ನಿಯಮ ಒಂದೇ: ಕವಡೆ ಹಾಕಬೇಕಾದರೆ ಕುರ್ಚಿಯಿಂದ ಎದ್ದು ನಾಲ್ಕು ಹೆಜ್ಜೆ ಬಂದು ಹಾಕಬೇಕು, ಮತ್ತೆ ಹೋಗಿ ಕೂರಬೇಕು. ಚೌಕವೋ (ನಾಲ್ಕು) ಬಾರವೋ (ಎಂಟು) ಬಿದ್ದರೆ ಮತ್ತೊಂದು ಸಲ ಹಾಕುವ ಅವಕಾಶ, ಅಂದರೆ ಮತ್ತೊಂದು ಸಲ ಏಳುವುದು. ಆಟ ಮುಗಿಯುವಷ್ಟರಲ್ಲಿ ಒಬ್ಬೊಬ್ಬರೂ ಇಪ್ಪತ್ತು ಸಲ ಎದ್ದು ಕೂತಿರುತ್ತಾರೆ. ಅವರನ್ನೇ ಬೆಳಗ್ಗೆ ಕರೆದು "ಇಪ್ಪತ್ತು ಸಲ ಎದ್ದು ಕೂರಿ" ಅಂದಿದ್ದರೆ ಐದಕ್ಕೇ "ಸಾಕು ಕಣಮ್ಮ" ಅನ್ನುತ್ತಿದ್ದರು. ಮಕ್ಕಳು ಒಂದು ಕಾಲಿನಲ್ಲಿ ನಿಂತು ಕಾಯುತ್ತಾರೆ, ಕುಂಟುತ್ತಾ ಮನೆ ದಾಟುತ್ತಾರೆ. ಆಟವಾದ ಮೇಲೆ ಸುಣ್ಣದ ಗೆರೆಯ ಮೇಲೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನಡೆಯುವುದು, ಹಿರಿಯರ ಒಂದು ಕೈ ಮೊಮ್ಮಕ್ಕಳ ಹೆಗಲ ಮೇಲೆ. ಮೈಸೂರಿನವರಿಗೆ ಹಾಸಿನ ಆಟವನ್ನು, ಅಂದರೆ ಮನೆ ಬರೆದು ಕಾಯಿ ನಡೆಸುವ ಆಟವನ್ನು, ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಹಾಸುಗಳನ್ನೇ ರಚಿಸಿದ ಊರು ಇದು. ಅಜ್ಜಿಯಂದಿರು ಮಕ್ಕಳಿಗೆ ಹೇಳಿಕೊಟ್ಟರು, ನಾನು ಪಕ್ಕದಲ್ಲಿ ನಿಂತು ಎಣಿಸುತ್ತಿದ್ದೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದನ್ನೇ ನೋಡಿ. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲ ಮತ್ತು ಬಲದ ಚಟುವಟಿಕೆ ಮಾಡಬೇಕು, ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸಬೇಕು. ಎರಡೂ ಒಂದೇ ಗಂಟೆಯಲ್ಲಿ, ಒಂದೇ ಸುಣ್ಣದ ಗೆರೆಯ ಮೇಲೆ ಆಗುತ್ತವೆ. ಹಾಗಿರುವಾಗ ಬೇರೆ ಬೇರೆ ಬ್ಯಾಚ್ ಯಾಕೆ?

ಈಗ ಸರ್ಟಿಫಿಕೇಟ್. ಮೊದಲು ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ (ಎದೆಬಡಿತ ನಿಂತವರಿಗೆ ಎದೆ ಒತ್ತಿ ಜೀವ ಉಳಿಸುವ ವಿಧಾನ) ಕಲಿಯಿರಿ, ಬೇರೆ ಏನನ್ನೂ ಕಲಿಯುವ ಮೊದಲು. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಎರಡೂ ಕಲಿಸುತ್ತವೆ. ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಎದೆ ಒತ್ತುವುದು ಎಷ್ಟು ಸುಸ್ತಿನ ಕೆಲಸ ಎಂಬುದು ಬೊಂಬೆಯ ಮೇಲೆ ಮಾಡಿದರೇ ಗೊತ್ತಾಗುವುದು. ಯೋಗ ಹೇಳಿಕೊಡುವುದಾದರೆ ಆಯುಷ್ ಸಚಿವಾಲಯದ ಯೋಗ ಸರ್ಟಿಫಿಕೇಷನ್ ಬೋರ್ಡಿನ ಪರೀಕ್ಷೆ ಬರೆಯಿರಿ. ಲಕ್ಷ ಕೊಟ್ಟು ಖಾಸಗಿಯವರ ವೆಲ್‌ನೆಸ್ ಡಿಪ್ಲೊಮಾ ತಗೊಳ್ಳುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಿಮ್ಮ ಬಿ.ಪಿ.ಎಡ್.ನಲ್ಲಿ ಇರುವುದೇ ಬೇಕಾದಷ್ಟಿದೆ.

ಹಿರಿಯರನ್ನು ಸೇರಿಸಿಕೊಳ್ಳುವ ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ: ಬಿ.ಪಿ. ಮಾತ್ರೆ, ಸಕ್ಕರೆ ಕಾಯಿಲೆ, ಎದೆನೋವು, ಯಾವಾಗ ಆಪರೇಷನ್ ಆಯಿತು, ಎದ್ದಾಗ ತಲೆ ಸುತ್ತುತ್ತದೆಯೇ. ಎದೆನೋವು ಇದ್ದವರು, ತಲೆ ಸುತ್ತುವವರು ಡಾಕ್ಟರಿಗೆ ತೋರಿಸಿಕೊಂಡೇ ಬರಲಿ. ಬಿ.ಪಿ. ಮಾತ್ರೆ ತಗೊಳ್ಳುವ ಕೆಲವರಿಗೆ ತಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಎದ್ದು ಎರಡು ಉಸಿರು ನಿಂತು ಆಮೇಲೆ ಹೆಜ್ಜೆಯಿಡಲು ಹೇಳಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರಿಗೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದರೆ ಕೊಡಲು ಒಂದು ಡಬ್ಬಿ ಸಕ್ಕರೆ ಜತೆಗಿರಲಿ.

ದುಡ್ಡು ಬರುತ್ತದೆಯೇ ಅಂದರೆ, ನನಗೆ ಬರುತ್ತಿದೆ, ನಿಧಾನವಾಗಿ ಬಂತು. ಪಾರ್ಕಿನಲ್ಲಿ ಮನೆಗೆ ಇಷ್ಟು ಎಂದು ಶುಲ್ಕ, ತಲೆಗಿಷ್ಟು ಎಂದಲ್ಲ. ಅಜ್ಜಿ, ಮಗು, ಭಾನುವಾರ ಅಪ್ಪನೂ ಅದರಲ್ಲೇ. ಎರಡು ಅಪಾರ್ಟ್‌ಮೆಂಟಿನವರು ತಾವಾಗಿಯೇ ಕರೆದರು, ಒಂದು ವೃದ್ಧಾಶ್ರಮದಲ್ಲಿ ವಾರಕ್ಕೆ ಎರಡು ದಿನ, ಒಂದು ಶಾಲೆಯಲ್ಲಿ ಎರಡು ದಿನ. ಎಲ್ಲ ಸೇರಿ ತಿಂಗಳಿಗೆ 45,000ದ ಆಸುಪಾಸು. ಮೊದಲ ವರ್ಷ 12,000 ದಾಟಿರಲಿಲ್ಲ, ಅದಕ್ಕೆ ಮನೆಯವರನ್ನು ಈಗಲೇ ಒಪ್ಪಿಸಿಕೊಳ್ಳಿ. ಸರ್ಕಾರಿ ದೈಹಿಕ ಶಿಕ್ಷಕರ ನೇಮಕಾತಿ ಬಂದರೆ ಅರ್ಜಿ ಹಾಕಿ, ಕಾಯುತ್ತಾ ಕೂರಬೇಡಿ.

ಆ 6 ಲಕ್ಷದ ಸಾಲ ಈಗ ಬೇಡ. ಒಂದು ತಿಂಗಳು ಸಂಜೆ 4:30ಕ್ಕೆ ನಿಮ್ಮ ಬಡಾವಣೆಯ ಪಾರ್ಕಿಗೆ ಹೋಗಿ ಕೂತು, ಯಾರು ಯಾರ ಕೈ ಹಿಡಿದುಕೊಂಡು ಬರುತ್ತಾರೆ, ಬಂದವರಲ್ಲಿ ಯಾರು ಕಲ್ಲುಬೆಂಚಿನ ಮೇಲೆ ಸುಮ್ಮನೆ ಕೂರುತ್ತಾರೆ, ಅವರು ಹೇಗೆ ಏಳುತ್ತಾರೆ ಎಂದು ಬರೆದುಕೊಳ್ಳಿ.

ನಿಮ್ಮದು ಯಾವ ಊರು ಎಂದು ಹೇಳಿಲ್ಲ. ಮೈಸೂರಿನ ಸುತ್ತಮುತ್ತಲಾದರೆ ಒಂದು ವಾರ ಬಂದು ನನ್ನ ಜತೆ ಪಾರ್ಕಿನಲ್ಲಿ ನಿಂತು ನೋಡಿ. ಆ ಅಜ್ಜಿಯೂ ಸಿಗುತ್ತಾರೆ. ಈಗ ವಾಕರ್ ಹಿಡಿದು ಬರುತ್ತಾರೆ, ಕವಡೆ ಮಾತ್ರ ಎದ್ದು ನಿಂತೇ ಹಾಕುತ್ತಾರೆ.