ಪ್ರತಿಕ್ರಿಯೆ: ಸೈಡ್‌ಕಾರ್‌ ಕಾರ್ಯಾಗಾರದಿಂದ ಜಾಗ್ವಾರ್‌ವರೆಗೆ
ಮೋಟಾರ್‌ಸೈಕಲ್ಲಿನ ಸೈಡ್‌ಕಾರ್ ತಯಾರಿಸುತ್ತಿದ್ದ ಸಣ್ಣ ಕಾರ್ಯಾಗಾರವು ಕಾರು ಕಂಪನಿಯಾದದ್ದು ಹೇಗೆ ಎಂದು ತಾವು ಕೇಳಿದ್ದೀರಿ. ಉತ್ತರವನ್ನು ಎಂಜಿನ್ನಿಗಿಂತ ಹೊರಮೈಯ ಅಂದದಲ್ಲಿ ಹುಡುಕಬೇಕೆಂಬುದು ನನ್ನ ಅಭಿಪ್ರಾಯ.

ವಿಲಿಯಂ ಲಯನ್ಸ್ ಮತ್ತು ವಿಲಿಯಂ ವಾಮ್ಸ್‌ಲಿ 1922ರಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲಿ, ತಂದೆಯರ ಜಾಮೀನಿನ ಮೇಲೆ ಪಡೆದ 1,000 ಪೌಂಡ್ ಬ್ಯಾಂಕ್ ಸಾಲದಿಂದ ಸ್ವಾಲೋ ಸೈಡ್‌ಕಾರ್ ಕಂಪನಿಯನ್ನು ಆರಂಭಿಸಿದರು. 1927ರಲ್ಲಿ ಆಸ್ಟಿನ್ ಸೆವೆನ್ ಎಂಬ ಅಗ್ಗದ ಪುಟ್ಟ ಕಾರಿನ ಚಾಸಿಗೆ (ಎಂಜಿನ್, ಗಾಲಿಗಳನ್ನು ಹೊರುವ ತಳ ಚೌಕಟ್ಟಿಗೆ) ದುಂಡನೆಯ, ಸೊಗಸಾದ ಕವಚ ತೊಡಿಸಿ ಮಾರಿದ್ದೇ ನಿಜವಾದ ತಿರುವು. ಲಂಡನ್ನಿನ ಹೆನ್ಲೀಸ್ ಎಂಬ ಮಾರಾಟ ಸಂಸ್ಥೆಯು ಅಂತಹ 500 ಕಾರುಗಳನ್ನು ಒಮ್ಮೆಗೇ ಕೇಳಿದಾಗ ಬ್ಲ್ಯಾಕ್‌ಪೂಲ್‌ನ ಜಾಗ ಸಾಲದಾಗಿ, 1928ರಲ್ಲಿ ಕಂಪನಿಯು ನುರಿತ ಕೆಲಸಗಾರರೂ ಬಿಡಿಭಾಗಗಳ ಪೂರೈಕೆದಾರರೂ ಹತ್ತಿರದಲ್ಲೇ ಸಿಗುತ್ತಿದ್ದ ಕವೆಂಟ್ರಿಗೆ, ಮೊದಲ ಮಹಾಯುದ್ಧ ಕಾಲದ ಮದ್ದುಗುಂಡು ಕಾರ್ಖಾನೆಯೊಂದಕ್ಕೆ, ಸ್ಥಳಾಂತರಗೊಂಡಿತು.

1931ರಲ್ಲಿ ಲಂಡನ್ನಿನ ಒಲಿಂಪಿಯಾ ಸಭಾಂಗಣದ ಕಾರು ಪ್ರದರ್ಶನದಲ್ಲಿ ಕಂಡ, ಇದೇ ಕಂಪನಿಯ ಎಸ್‌ಎಸ್‌ 1 ಕಾರಿಗೆ ಚಾಸಿ, ಎಂಜಿನ್ ಎರಡನ್ನೂ ಸ್ಟ್ಯಾಂಡರ್ಡ್ ಎಂಬ ಮತ್ತೊಂದು ಕಾರು ಕಂಪನಿಯೇ ಒದಗಿಸಿತ್ತು. ಬೆಲೆ 310 ಪೌಂಡ್. ನೋಟ ಮಾತ್ರ ಅದರ ಹಲವು ಪಟ್ಟು ಬೆಲೆಯದು. (ವೇಗ ಆ ನೋಟಕ್ಕೆ ತಕ್ಕಂತಿರಲಿಲ್ಲ ಎಂಬುದನ್ನೂ ಹೇಳಬೇಕು.) ಆ ಕೊರತೆ ಬಹುಮಟ್ಟಿಗೆ ನೀಗಿದ್ದು 1935ರಲ್ಲಿ, ಸುಧಾರಿತ ಎರಡೂವರೆ ಲೀಟರ್ ಎಂಜಿನ್ ಹೊತ್ತು ಬಂದ ಎಸ್‌ಎಸ್ ಜಾಗ್ವಾರ್‌ನಿಂದ. ಅಷ್ಟರಲ್ಲಿ ವಾಮ್ಸ್‌ಲಿ ಪಾಲುದಾರಿಕೆಯಿಂದ ಹೊರಬಂದಿದ್ದರು. ಅದೇ ಹೆಸರಿನ ನಾಜಿ ಪಡೆಯಿಂದಾಗಿ ‘ಎಸ್‌ಎಸ್’ ಎಂಬ ಅಕ್ಷರಗಳಿಗೆ ಕಳಂಕ ಅಂಟಿದ್ದರಿಂದ 1945ರಲ್ಲಿ ಕಂಪನಿಯ ಹೆಸರೇ ಜಾಗ್ವಾರ್ ಕಾರ್ಸ್ ಎಂದಾಯಿತು.